ಗೇಮ್‌ಗೆ ಎರಡು ಗಂಟೆ, ಸರ್ವರ್‌ಗೆ ಇಪ್ಪತ್ನಾಲ್ಕು ಗಂಟೆ: ಡಬ್ಬ ಒಂದು ಸಾಕಾ, ಎರಡು ಬೇಕಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ನಂಜನಗೂಡಿನಿಂದ ಮಾತಾಡ್ತಾ ಇದೀನಿ. ಇಯರ್‌ಫೋನ್ ಹಾಕ್ಕೊಂಡು ಮೈಸೂರು ಬಸ್ಸಲ್ಲಿ ನಿಂತಿರೋರಿಗೂ, ಕೆಲಸ ಮುಗಿಸಿ ಮನೆಗೆ ಹೋಗ್ತಾ ಕೇಳ್ತಾ ಇರೋರಿಗೂ ಸ್ವಾಗತ.

ಹೋದ ಸಂಚಿಕೆ ಆದ್ಮೇಲೆ ಟಿ. ನರಸೀಪುರದಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣ, 60 ಸಾವಿರ ಕೂಡಿಟ್ಟಿದೀನಿ. ಒಂದು ಪಿಸಿ ಕಟ್ಟಿಸ್ಬೇಕು. ಅದ್ರಲ್ಲಿ ಗೇಮೂ ಆಡ್ಬೇಕು, ಮನೆಯವರ ಫೋಟೊ, ವಿಡಿಯೊ ಎಲ್ಲಾ ಇಡೋಕೆ ಸರ್ವರ್ರೂ ಆಗ್ಬೇಕು. ಯಾವ ಪ್ರೊಸೆಸರ್ ಹಾಕಿಸಲಿ?"

ನನ್ನ ಉತ್ತರ: ಪ್ರೊಸೆಸರ್ ವಿಚಾರ ಆಮೇಲೆ. ಮೊದಲು ಮನೆಯ ಕರೆಂಟ್ ಬಿಲ್ ತಗೊಂಡು ಕೂತ್ಕೊಳ್ಳಿ.

ತಮಾಷೆ ಅಲ್ಲ. ನಾನು ಓದಿದ್ದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ಅಂಗಡಿಯವರು ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಅಂತ ಹೇಳೋಕೆ ಶುರು ಮಾಡಿದ ತಕ್ಷಣ ನನ್ನ ತಲೆಗೆ ಬರೋದು ಎರಡೇ ಪ್ರಶ್ನೆ. ಕೊಳ್ಳೋಕೆ ಎಷ್ಟು? ಇಟ್ಕೊಳ್ಳೋಕೆ ತಿಂಗಳಿಗೆ ಎಷ್ಟು? ಗೇಮಿಂಗ್ ಪಿಸಿಯಲ್ಲಿ ಮೊದಲನೇ ಪ್ರಶ್ನೆ ದೊಡ್ಡದು. ಸರ್ವರ್‌ನಲ್ಲಿ ಎರಡನೇದು ದೊಡ್ಡದು. ಎರಡನ್ನೂ ಒಂದೇ ಡಬ್ಬಕ್ಕೆ ತುರುಕಿದ್ರೆ ಲೆಕ್ಕ ಕಲಸುಮೇಲೋಗರ ಆಗುತ್ತೆ. ಇವತ್ತು ಆ ಲೆಕ್ಕ ಬಿಡಿಸೋಣ.

ನಿಮಗೆ ಸರ್ವರ್ ಬೇಕಾ?

ಹೋಮ್ ಸರ್ವರ್ ಅಂದ್ರೆ ಹೆದರಬೇಡಿ. ಮನೆಯಲ್ಲಿ ವೈಫೈ ರೂಟರ್ ಪಕ್ಕ ಕೂತಿರೋ ಒಂದು ಕಂಪ್ಯೂಟರ್. ಮನೆಯವರ ಫೋನ್‌ಗಳಿಂದ ಫೋಟೊ ತಾನೇ ಇಳಿಸ್ಕೊಳ್ಳುತ್ತೆ, ಸಿನಿಮಾ, ಹಾಡು ಇಟ್ಕೊಂಡು ಟಿವಿಗೆ ಕೊಡುತ್ತೆ. ಫೋಟೊಗೆ ಇಮ್ಮಿಚ್, ಸಿನಿಮಾಗೆ ಜೆಲ್ಲಿಫಿನ್, ಫೈಲ್‌ಗಳಿಗೆ ನೆಕ್ಸ್ಟ್‌ಕ್ಲೌಡ್. ಇವೆಲ್ಲ ದುಡ್ಡು ಕೊಡದೆ ಹಾಕ್ಕೊಳ್ಳಬಹುದಾದ ಸಾಫ್ಟ್‌ವೇರ್‌ಗಳು.

ಎಲ್ಲರಿಗೂ ಇದು ಬೇಕಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಪುಕ್ಕಟೆ ಇಡೋ ಕಾಲ 2021ರ ಜೂನ್ 1ಕ್ಕೆ ಮುಗೀತು. ಈಗ ಪುಕ್ಕಟೆ ಸಿಗೋದು 15 ಜಿಬಿ. ನಿಮ್ಮದು ಒಟ್ಟು ನೂರು ಜಿಬಿ ಒಳಗೇ ಇದ್ರೆ ಕ್ಲೌಡ್‌ನಲ್ಲಿ ಬಾಡಿಗೆಗೆ ಜಾಗ ತಗೊಳ್ಳಿ, ಜೊತೆಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಅಷ್ಟು ಸಾಕು. ಸಂಚಿಕೆ ಇಲ್ಲಿಗೇ ನಿಲ್ಲಿಸಿ ಗೇಮ್ ಆಡೋಕೆ ಹೋಗಬಹುದು.

ನನ್ನ ಕಥೆ ಬೇರೆ. ನಾನು ಪಾಡ್‌ಕಾಸ್ಟ್‌ಗೆ ಅಂತ ನಂಜನಗೂಡು, ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರ ಸೋಬಾನೆ ಪದ, ಮಾದಪ್ಪನ ಪದ ರೆಕಾರ್ಡ್ ಮಾಡ್ತೀನಿ. ಒಳ್ಳೆ ಗುಣಮಟ್ಟದ ಸ್ಟೀರಿಯೊ ವೇವ್ ಫೈಲ್ ಗಂಟೆಗೆ ಹೆಚ್ಚುಕಮ್ಮಿ 1 ಜಿಬಿ. ಅದಕ್ಕಿಂತ ಮುಖ್ಯ, ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗಿಲ್ಲ. ಅವರ ಮನೆಯವರು "ಅವ್ವನ ದನಿ ಒಂದ್ಸಲ ಕೇಳಿಸಪ್ಪಾ" ಅಂದಾಗ ಡಿಸ್ಕ್ ಹೋಯ್ತು ಅಂತ ಹೇಳೋಕಾಗಲ್ಲ. ಗೇಮ್ ಡಿಲೀಟ್ ಆದ್ರೆ ಮತ್ತೆ ಡೌನ್‌ಲೋಡ್ ಮಾಡ್ಕೋಬಹುದು. ಇದನ್ನ ಎಲ್ಲಿಂದ ಡೌನ್‌ಲೋಡ್ ಮಾಡೋದು? ನಿಮ್ಮ ಮನೆಯಲ್ಲೂ ಅಂಥ ಫೈಲ್‌ಗಳು ಇರ್ತವೆ. ಆ ಪಟ್ಟಿ ಮೊದಲು ಮಾಡಿ. ಸರ್ವರ್ ಕಟ್ಟೋದು ಅದಕ್ಕೋಸ್ಕರ.

ವಾಟ್ ನೋಡಬೇಡಿ, ಗಂಟೆ ಎಣಿಸಿ

ಈಗ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಇರೋ ಸಾಧಾರಣ ಗೇಮಿಂಗ್ ಪಿಸಿ ಏನೂ ಮಾಡದೆ ಸುಮ್ಮನೆ ಆನ್ ಆಗಿದ್ರೂ ಸುಮಾರು 60 ವಾಟ್ ಎಳೆಯುತ್ತೆ ಅಂತಿಟ್ಕೊಳ್ಳಿ. ಆಡುವಾಗ 250 ವಾಟ್. ದಿನಕ್ಕೆ 2 ಗಂಟೆ ಆಡ್ತೀರಿ, ಉಳಿದ 22 ಗಂಟೆ ಅದು ಸರ್ವರ್ ಆಗಿ ಕೂತಿರುತ್ತೆ.

ಆಡೋದಕ್ಕೆ ತಿಂಗಳಿಗೆ 15 ಯೂನಿಟ್. ಸುಮ್ಮನೆ ಕೂತಿರೋದಕ್ಕೆ ಸುಮಾರು 40 ಯೂನಿಟ್! ಒಟ್ಟು 55. ಗೇಮ್ ಆಡಿದ್ದಕ್ಕಿಂತ ಆಡದೆ ಇದ್ದದ್ದಕ್ಕೇ ಖರ್ಚು ಜಾಸ್ತಿ.

ಅದರ ಬದಲು ಎರಡು ಡಬ್ಬ ಇಡಿ. ಒಂದು ಚಿಕ್ಕ ಮಿನಿ ಪಿಸಿ, ಒಂದು ಡಿಸ್ಕ್ ಸೇರಿ 12 ವಾಟ್, ಹಗಲೂ ರಾತ್ರಿ ಆನ್. ತಿಂಗಳಿಗೆ 9 ಯೂನಿಟ್‌ಗಿಂತ ಕಮ್ಮಿ. ಗೇಮಿಂಗ್ ಪಿಸಿ ಆಡುವಾಗ ಮಾತ್ರ ಆನ್, ಅದಕ್ಕೆ 15. ಒಟ್ಟು 24 ಯೂನಿಟ್.

ವ್ಯತ್ಯಾಸ 31 ಯೂನಿಟ್. ಲೆಕ್ಕಕ್ಕೆ ಸುಲಭ ಆಗಲಿ ಅಂತ ಯೂನಿಟ್‌ಗೆ 6 ರೂಪಾಯಿ ಇಟ್ಕೊಂಡ್ರೆ ತಿಂಗಳಿಗೆ 186 ರೂಪಾಯಿ ಉಳಿತಾಯ. "ಹಾಗಾದ್ರೆ ಎರಡು ಡಬ್ಬಾನೇ ಸರಿ" ಅನ್ಬೇಡಿ, ತಾಳಿ. ನಾನು ಚಿಕ್ಕ ಡಬ್ಬ ತಗೊಂಡಿದ್ದು 14,500 ರೂಪಾಯಿಗೆ. ತಿಂಗಳಿಗೆ 186ರ ಹಾಗೆ ಅದು ವಾಪಸ್ ಬರೋಕೆ ಆರೂವರೆ ವರ್ಷ ಬೇಕು. ಅಷ್ಟರಲ್ಲಿ ಆ ಡಬ್ಬವೇ ಹಳೇದಾಗಿರುತ್ತೆ. ಬರೀ ಇಷ್ಟೇ ಆಗಿದ್ರೆ ಒಂದೇ ಡಬ್ಬ ಸಾಕು ಅಂತ ನಾನೇ ಹೇಳ್ತಿದ್ದೆ.

ಗೃಹಜ್ಯೋತಿ ಇಲ್ಲಿ ಬರುತ್ತೆ

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಸಾಲು ಸೇರುತ್ತೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. 2022–23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಪಾಲಿನ ಪುಕ್ಕಟೆ ಯೂನಿಟ್ ಗೊತ್ತು ಮಾಡ್ತಾರೆ. ಆ ಪಾಲು ದಾಟಿದ್ರೆ, ದಾಟಿದಷ್ಟಕ್ಕೆ ದುಡ್ಡು. ಆದ್ರೆ ತಿಂಗಳ ಬಳಕೆ 200 ಯೂನಿಟ್ ದಾಟಿತು ಅಂದ್ರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ.

ನಮ್ಮ ಕಡೆ ಕರೆಂಟ್ ಕೊಡೋದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದ್ರೆ ಸೆಸ್ಕ್. ಮೀಟರ್ ಓದೋರು ಕೊಟ್ಟು ಹೋಗೋ ಚೀಟಿ ಬಿಸಾಕಬೇಡಿ.

ಮನೆ ಒಂದು. ತಿಂಗಳಿಗೆ 90 ಯೂನಿಟ್, ಪುಕ್ಕಟೆ ಪಾಲು 100 ಅಂತಿಟ್ಕೊಳ್ಳೋಣ. ಒಂದೇ ಡಬ್ಬ ಇಟ್ರೆ ಒಟ್ಟು 145, ಹೆಚ್ಚಿನ 45ಕ್ಕೆ 270 ರೂಪಾಯಿ. ಎರಡು ಡಬ್ಬ ಇಟ್ರೆ 114, ಹೆಚ್ಚಿನ 14ಕ್ಕೆ 84 ರೂಪಾಯಿ. ಅದೇ 186ರ ವ್ಯತ್ಯಾಸ. ಇಲ್ಲಿ ಎರಡನೇ ಡಬ್ಬಕ್ಕೆ ದುಡ್ಡು ಹಾಕೋದು ದಂಡ.

ಮನೆ ಎರಡು. ತಿಂಗಳಿಗೆ 160 ಯೂನಿಟ್, ಪಾಲು 170. ಎರಡು ಡಬ್ಬ ಇಟ್ರೆ 184, ಹೆಚ್ಚುವರಿ 84 ರೂಪಾಯಿ. ಒಂದೇ ಡಬ್ಬ ಇಟ್ರೆ 215. ಇನ್ನೂರರ ಗೆರೆ ದಾಟಿತು! 215ಕ್ಕೂ ದುಡ್ಡು, 1,290 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ಈ ಮನೆಯಲ್ಲಿ 14,500ರ ಚಿಕ್ಕ ಡಬ್ಬ ಒಂದು ವರ್ಷದಲ್ಲಿ ತನ್ನ ದುಡ್ಡು ತಾನೇ ದುಡಿದು ಕೊಡುತ್ತೆ.

ನಾನು ಇಟ್ಕೊಂಡ ವಾಟ್‌ಗಳ ಪ್ರಕಾರ ಈಗಿನ ಬಳಕೆ 146ರಿಂದ 175 ಯೂನಿಟ್ ಒಳಗೆ ಇರೋ ಮನೆಗಳು ಹುಷಾರಾಗಿರಬೇಕು. ನಮ್ಮದು ಕೂಡುಕುಟುಂಬ. ಫ್ರಿಜ್, ಗ್ರೈಂಡರ್, ಬೋರ್ ಮೋಟರ್, ಮೇಲೆ ತಮ್ಮನ ಗೇಮ್. ನಾವು ಸರಿಯಾಗಿ ಆ ಗೆರೆ ಪಕ್ಕದಲ್ಲೇ ಇದೀವಿ. ಅದಕ್ಕೇ ನಾನು ಎರಡು ಡಬ್ಬದ ಕಡೆ ಹೋಗಿದ್ದು.

ನಿಮ್ಮ ಹತ್ರ ಈಗಾಗಲೇ ಪಿಸಿ ಇದ್ರೆ ಅದರ ವಾಟ್ ಅಳೆಯೋಕೆ ದೊಡ್ಡ ಸಾಮಾನು ಬೇಡ. ಮನೆ ಮೀಟರ್‌ನಲ್ಲಿ ಒಂದು ಕೆಂಪು ದೀಪ ಮಿಣುಕ್ತಾ ಇರುತ್ತೆ. ಒಂದು ಯೂನಿಟ್‌ಗೆ ಎಷ್ಟು ಸಲ ಅಂತ ಮೀಟರ್ ಮೇಲೇ ಬರೆದಿರುತ್ತೆ. 3200 ಅಂತ ಇದ್ರೆ, ಬೇರೆಲ್ಲ ಆಫ್ ಮಾಡಿ ಪಿಸಿ ಮಾತ್ರ ಆನ್ ಇಟ್ಟು ಹತ್ತು ನಿಮಿಷ ಎಣಿಸಿ. 32 ಸಲ ಮಿಣುಕಿದ್ರೆ ಅದು 60 ವಾಟ್. ಫ್ರಿಜ್, ರೂಟರ್ ಕೂಡ ಆಫ್ ಆಗಿರಲಿ.

ಮೂರನೇ ದಾರಿ: ಸರ್ವರ್ ಮಲಗಲಿ

ನರಸೀಪುರದ ಗೆಳೆಯರಿಗೆ ನಾನು ಹೇಳೋದು ಈ ದಾರಿ. ಸರ್ವರ್ ಅಂದ ತಕ್ಷಣ 24 ಗಂಟೆ ಆನ್ ಇರಲೇಬೇಕು ಅಂತ ಯಾರು ಹೇಳಿದ್ದು? ರಾತ್ರಿ ಮೂರು ಗಂಟೆಗೆ ನಿಮ್ಮ ಸರ್ವರ್‌ನಿಂದ ಯಾರಿಗೆ ಏನು ಬೇಕಾಗಿದೆ? ಮನೆಯವರ ಫೋಟೊ ದಿನಕ್ಕೊಂದು ಸಲ ಇಳಿದ್ರೆ ಸಾಕು ಅಂತಿದ್ರೆ ಒಂದೇ ಡಬ್ಬ ತಗೊಳ್ಳಿ. ಸಂಜೆ ಆನ್ ಮಾಡಿ, ಎರಡು ಗಂಟೆ ಆಡಿ, ಆಡಿದ ಮೇಲೆ ಒಂದು ಗಂಟೆ ಹಾಗೇ ಬಿಡಿ. ಮನೆಯವರ ಫೋನೆಲ್ಲ ಆಗ ವೈಫೈನಲ್ಲೇ ಇರ್ತವೆ, ಫೋಟೊ ಇಳೀತವೆ. ಆಮೇಲೆ ಆಫ್. ತಿಂಗಳಿಗೆ 17 ಯೂನಿಟ್. ಎರಡು ಡಬ್ಬಕ್ಕಿಂತಲೂ ಕಮ್ಮಿ, ಎರಡನೇ ಡಬ್ಬದ ಖರ್ಚೂ ಇಲ್ಲ.

ಊರಾಚೆ ಇದ್ದಾಗಲೂ ಫೈಲ್ ತೆಗೀಬೇಕು, ಹಗಲೆಲ್ಲ ಟಿವಿಗೆ ಸಿನಿಮಾ ಕೊಡಬೇಕು, ಸಿಸಿಟಿವಿ ರೆಕಾರ್ಡ್ ಆಗಬೇಕು ಅಂದ್ರೆ ಆಗ ಚಿಕ್ಕ ಡಬ್ಬ ಸೇರಿಸಿ. ಇವತ್ತೇ ಎಲ್ಲಾ ಕೊಳ್ಳೋ ಅವಸರ ಇಲ್ಲ.

ಒಂದೇ ಡಬ್ಬ ಆದ್ರೆ ಏನು ನೋಡಬೇಕು?

ಮೊದಲು ಯಾವ ಗೇಮ್ ಅಂತ ಬರೆದಿಡಿ. ವ್ಯಾಲೊರಂಟ್ ಆಡೋರಿದ್ರೆ ಗಮನಿಸಿ: ಅದರ ವ್ಯಾನ್‌ಗಾರ್ಡ್ ಅನ್ನೋ ಕಾವಲು ಸಾಫ್ಟ್‌ವೇರ್ ವರ್ಚುವಲ್ ಮೆಷಿನ್ ಒಳಗೆ ಆಡೋಕೆ ಬಿಡಲ್ಲ, ಲಿನಕ್ಸ್‌ನಲ್ಲೂ ನಡೆಯಲ್ಲ. ಪ್ರಾಕ್ಸ್‌ಮಾಕ್ಸ್ ಹಾಕಿ, ಅದರೊಳಗೆ ವಿಂಡೋಸ್ ಕೂರಿಸಿ, ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಕೊಟ್ಟು ಆಡಬಹುದು ಅಂತ ಯೂಟ್ಯೂಬ್‌ನಲ್ಲಿ ತೋರಿಸ್ತಾರೆ. ನೋಡೋಕೆ ಚೆಂದ. ನಿಮ್ಮ ಗೇಮ್ ಅದಕ್ಕೆ ಒಪ್ಪುತ್ತಾ ಅನ್ನೋದನ್ನ ದುಡ್ಡು ಕೊಡೋ ಮುಂಚೆ ತಿಳ್ಕೊಳ್ಳಿ.

ಪ್ರೊಸೆಸರ್ ವಿಚಾರ ಈಗ ಬಂತು. ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಇದ್ರೆ, ಉದಾಹರಣೆಗೆ ಐ5-12400ಎಫ್, ಒಳಗೆ ಗ್ರಾಫಿಕ್ಸ್ ಇರಲ್ಲ. ಬರೀ ಗೇಮಿಂಗ್‌ಗೆ ಅದು ಸರಿ, ಹೇಗೂ ಬೇರೆ ಕಾರ್ಡ್ ಹಾಕ್ತೀರಿ. ಸರ್ವರ್ ಕೂಡ ಆಗಬೇಕು ಅಂದ್ರೆ ಎಫ್ ಇಲ್ಲದ್ದೇ ತಗೊಳ್ಳಿ. ಅದರಲ್ಲಿ ಕ್ವಿಕ್ ಸಿಂಕ್ ಅಂತ ಇರುತ್ತೆ. ವಿಡಿಯೊ ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸೋ ಕೆಲಸ ಅದೇ ನೋಡ್ಕೊಳ್ಳುತ್ತೆ. ಅಮ್ಮ ಟಿವಿಯಲ್ಲಿ ರಾಜಕುಮಾರ್ ಸಿನಿಮಾ ನೋಡ್ತಿದ್ರೂ ನಿಮ್ಮ ಗೇಮ್‌ನ ಗ್ರಾಫಿಕ್ಸ್ ಕಾರ್ಡ್ ಮೇಲೆ ಆ ಭಾರ ಬೀಳಲ್ಲ.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ವಾಟ್ ಹೋಲಿಸಿ. ಆರ್‌ಟಿಎಕ್ಸ್ 3060ಕ್ಕೆ ಕಂಪನಿ ಹೇಳಿರೋದು 170 ವಾಟ್. ಆರ್‌ಎಕ್ಸ್ 6600ಗೆ 132. ಆರ್‌ಟಿಎಕ್ಸ್ 4060ಗೆ 115. ಮಾನಿಟರ್ 1080ಪಿ ಆಗಿದ್ರೆ ಇದಕ್ಕಿಂತ ಮೇಲೆ ಹೋಗೋ ಅಗತ್ಯ ಬಹಳ ಜನಕ್ಕಿಲ್ಲ.

ಕ್ಯಾಬಿನೆಟ್ ಕೊಳ್ಳುವಾಗ ಬಣ್ಣದ ಲೈಟ್ ನೋಡಬೇಡಿ, ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ಎರಡು ಕೂರುತ್ತಾ ನೋಡಿ. ಮುಂಭಾಗಕ್ಕೆ ಗಾಜು ಹಾಕಿ ಗಾಳಿ ಮುಚ್ಚಿರೋದು ನಮ್ಮ ಏಪ್ರಿಲ್ ಬಿಸಿಲಿಗೆ ಆಗಲ್ಲ. ರಾಮ್ 16 ಜಿಬಿ ಸಾಕು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗ್ತಾ ಇರೋದ್ರಿಂದ 2025ರ ಕೊನೆಯಿಂದ ರಾಮ್ ಬೆಲೆ ಮೇಲೇರಿದೆ. ಹಳೇ ಪಿಸಿಯ ರಾಮ್ ಇದ್ರೆ ಮಾರಬೇಡಿ.

ಚಿಕ್ಕ ಡಬ್ಬ ತಗೊಳ್ಳೋದಾದ್ರೆ

ಎರಡು ಆಯ್ಕೆ. ಒಂದು, ಇಂಟೆಲ್ ಎನ್100 ಹಾಕಿರೋ ಹೊಸ ಮಿನಿ ಪಿಸಿ. ನಾಲ್ಕು ಕೋರ್, ಕಂಪನಿ ಲೆಕ್ಕದಲ್ಲಿ 6 ವಾಟ್ ಪ್ರೊಸೆಸರ್. ಎರಡು, ಆಫೀಸ್‌ಗಳಿಂದ ಹೊರಗೆ ಬಂದ ರಿಫರ್ಬಿಶ್ಡ್ ಚಿಕ್ಕ ಪಿಸಿ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಇಂಥವು. ನನ್ನದು ಈ ಎರಡನೇ ಜಾತಿ, ಐ5-8500ಟಿ, ಆರು ಕೋರ್.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಆರನೇ, ಏಳನೇ ತಲೆಮಾರಿನ ಇಂಟೆಲ್ ಪಿಸಿಗಳು ಬಹುತೇಕ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆಫೀಸ್‌ಗಳಿಗೆ ಅವು ಬೇಡವಾದ್ವು. ಸರ್ವರ್‌ಗೆ ನಾವು ಹಾಕೋದು ಲಿನಕ್ಸ್, ಅದಕ್ಕೆ ಅವೂ ಸಾಕು. ಬೇರೆಯವರು ಬೇಡ ಅಂದದ್ದು ನಮಗೆ ಒಳ್ಳೇ ವ್ಯಾಪಾರ.

ಗೇಮಿಂಗ್ ಪಿಸಿಗೆ ಲ್ಯಾನ್ ಕೇಬಲ್ ಹಾಕಿದ್ರೆ ಚಿಕ್ಕ ಡಬ್ಬದಿಂದಲೇ ಅದನ್ನ ಎಬ್ಬಿಸಬಹುದು. ವೇಕ್ ಆನ್ ಲ್ಯಾನ್ ಅಂತ ಬಯೋಸ್‌ನಲ್ಲಿ ಆನ್ ಮಾಡಿ. ಗೇಮಿಂಗ್ ಪಿಸಿಯಲ್ಲಿ ಸನ್‌ಶೈನ್, ಫೋನ್‌ನಲ್ಲಿ ಮೂನ್‌ಲೈಟ್ ಹಾಕಿದ್ರೆ ಹಾಲ್‌ನಲ್ಲಿ ಕೂತು ಫೋನ್‌ನಲ್ಲೇ ಆಡಬಹುದು. ಊರಾಚೆಯಿಂದ ಮನೆ ಸರ್ವರ್ ಮುಟ್ಟೋಕೆ, ನಮ್ಮ ಮನೆ ಫೈಬರ್‌ಗಳಲ್ಲಿ ಬಹುಪಾಲು ಸ್ವಂತ ಪಬ್ಲಿಕ್ ಐಪಿ ಸಿಗಲ್ಲ, ಹಾಗಾಗಿ ಟೇಲ್‌ಸ್ಕೇಲ್ ಥರದ ವಿಪಿಎನ್ ಬಳಸಿ. ರೂಟರ್‌ನಲ್ಲಿ ಪೋರ್ಟ್ ತೆರೆದಿಟ್ಟು ಸರ್ವರ್‌ನ ಬೀದಿಗೆ ನಿಲ್ಲಿಸಬೇಡಿ.

ಡಿಸ್ಕ್, ಕರೆಂಟ್, ಹೊಳೆ

ಗ್ರಾಫಿಕ್ಸ್ ಕಾರ್ಡ್ ಸೆಕೆಂಡ್ ಹ್ಯಾಂಡ್ ತಗೊಂಡ್ರೂ ನಡೆಯುತ್ತೆ, ಅದು ಸತ್ತರೆ ಗೇಮ್ ಮಾತ್ರ ನಿಲ್ಲುತ್ತೆ. ಅಂಥ ಫೈಲ್‌ಗಳನ್ನ ಇಡೋ ಹಾರ್ಡ್ ಡಿಸ್ಕ್ ಮಾತ್ರ ಹೊಸದೇ ಬೇಕು. ಡಿಸ್ಕ್‌ನಲ್ಲಿ ಸಿಎಂಆರ್, ಎಸ್‌ಎಂಆರ್ ಅಂತ ಎರಡು ಬಗೆ. ಎಸ್‌ಎಂಆರ್‌ನಲ್ಲಿ ದಾಖಲೆಯ ಪಟ್ಟಿಗಳು ಹೆಂಚಿನ ಥರ ಒಂದರ ಮೇಲೊಂದು ಕೂರ್ತವೆ, ಹಾಗಾಗಿ ಒಂದೇ ಸಮ ಬರೀತಾ ಹೋದ್ರೆ ನಿಧಾನ ಆಗುತ್ತೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಡಿಸ್ಕ್‌ಗಳ ಬಗ್ಗೆ ಇದೇ ಗಲಾಟೆ ಆಗಿತ್ತು. ಸರ್ವರ್‌ಗೆ ಸಿಎಂಆರ್ ಅಂತ ಕೇಳಿ ತಗೊಳ್ಳಿ.

ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ರೆ ಬ್ಯಾಕಪ್ ಆಯ್ತು ಅಂತ ಬಹಳ ಜನ ತಿಳ್ಕೊಂಡಿದಾರೆ. ಇಲ್ಲ. ಒಂದರಲ್ಲಿ ತಪ್ಪಿ ಅಳಿಸಿದ್ರೆ ಇನ್ನೊಂದರಲ್ಲೂ ಅಳಿದು ಹೋಗುತ್ತೆ. ಬ್ಯಾಕಪ್ ಅಂದ್ರೆ ಬೇರೆ ಡಬ್ಬ, ಬೇರೆ ಜಾಗ.

ಕರೆಂಟ್ ಪಟ್ ಅಂತ ಹೋಗೋದು ನಮಗೆ ಹೊಸದಲ್ಲ. ಚಿಕ್ಕ ಡಬ್ಬಕ್ಕೆ 600 ವಿಎ ಯುಪಿಎಸ್ ಸಾಕು. ಮನೆ ಇನ್ವರ್ಟರ್‌ಗೆ ಕೊಡೋದಾದ್ರೆ ಅದನ್ನ ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲಾಂದ್ರೆ ಕರೆಂಟ್ ಬದಲಾಗೋ ಆ ಕ್ಷಣದಲ್ಲಿ ಪಿಸಿ ರೀಸ್ಟಾರ್ಟ್ ಆಗಬಹುದು. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗೋ ಆಯ್ಕೆ ಇರುತ್ತೆ, ಅದನ್ನೂ ಹಾಕಿ.

ಇನ್ನು ಹೊಳೆ. 2018, 2019, 2024ರ ಮಳೆಗಾಲಗಳಲ್ಲಿ ಕಬಿನಿಯಿಂದ ನೀರು ಬಿಟ್ಟಾಗ ನಂಜನಗೂಡಲ್ಲಿ ಕಪಿಲೆ ದಡ ಮೀರಿದ್ದನ್ನ ನೀವೂ ನೋಡಿದೀರಿ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಹತ್ರ ಮೈಸೂರು ಹೆದ್ದಾರಿ ಮೇಲೇ ನೀರಿತ್ತು. ಹಾಗಾಗಿ ನನ್ನ ಎರಡನೇ ಪ್ರತಿ ನರಸೀಪುರದ ಅತ್ತೆ ಮನೆಯಲ್ಲಿದೆ. ಆದ್ರೆ ಯೋಚನೆ ಮಾಡಿ: ಇಲ್ಲಿ ತುಂಬಿ ಹರಿದ ಕಪಿಲೆ ಹೋಗಿ ಸೇರೋದು ನರಸೀಪುರದಲ್ಲೇ, ಅಲ್ಲಿ ಕಾವೇರಿನೂ ಬರ್ತಾಳೆ. ಊರು ಎರಡಾದ್ರೂ ನೀರು ಒಂದೇ! ಅದಕ್ಕೇ ಎರಡೂ ಕಡೆ ಡಬ್ಬ ಇರೋದು ಮಹಡಿ ಮೇಲೆ, ಅಲಮಾರಿನ ಮೇಲಿನ ಅರೆಯಲ್ಲಿ.

ಅದನ್ನ ಕೂರಿಸಿದ ದಿನ ಅತ್ತೆ, "ಇದೇನ್ಲಾ ಇದು, ಮಿಣುಕ್ ಮಿಣುಕ್ ಅಂತದೆ? ನಮ್ ಫ್ರೀ ಕರೆಂಟ್ ತಿಂದಾಕ್ಬುಟ್ಟದು" ಅಂದ್ರು. ಅದು ದಿನಾ ರಾತ್ರಿ ಒಂದೇ ಗಂಟೆ ತಾನೇ ಎದ್ದು, ಹೊಸ ಫೈಲ್ ಇಳಿಸ್ಕೊಂಡು ಮಲಗುತ್ತೆ, ತಿಂಗಳಿಗೆ ಅರ್ಧ ಯೂನಿಟ್ ಕೂಡ ಇಲ್ಲ ಅತ್ತೆ ಅಂದೆ. ಮುಂದಿನ ತಿಂಗಳ ಬಿಲ್ ಬರೋವರೆಗೂ ಅವರು ನಂಬಲಿಲ್ಲ. ಅದು ಸರಿಯಾದ ಪದ್ಧತಿ. ನೀವೂ ನನ್ನ ಮಾತು ನಂಬಬೇಡಿ, ಬಿಲ್ ನೋಡಿ.

ಕೊಳ್ಳೋಕೆ ಹೋದಾಗ

ಮೈಸೂರಾಗಲಿ, ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ಜಿಎಸ್‌ಟಿ ಬಿಲ್ ಇಲ್ಲದೆ ಹೊಸ ಭಾಗ ತಗೋಬೇಡಿ. ಕಂಪ್ಯೂಟರ್ ಭಾಗಗಳಿಗೆ ಶೇ 18 ತೆರಿಗೆ. ಅದನ್ನ ಬಿಟ್ಟು ಕೊಡ್ತೀವಿ ಅಂದ್ರೆ ಉಳಿದ ಹಾಗೆ ಕಾಣುತ್ತೆ, ವಾರಂಟಿ ಕೇಳೋಕೆ ಹೋದಾಗ ಕೈಯಲ್ಲಿ ಕಾಗದ ಇರಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ. ರಿಫರ್ಬಿಶ್ಡ್ ಆದ್ರೆ ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ, ಫ್ಯಾನ್ ಸದ್ದು ಕೇಳಿಸ್ಕೊಳ್ಳಿ.

60 ಸಾವಿರದ ಗೆಳೆಯರಿಗೆ ಕೊನೆಯದಾಗಿ: ಒಂದೇ ಡಬ್ಬ, ಎಫ್ ಇಲ್ಲದ ಪ್ರೊಸೆಸರ್, 1080ಪಿಗೆ ಸಾಕಾಗೋ ಕಾರ್ಡ್, ಹೊಸ ಸಿಎಂಆರ್ ಡಿಸ್ಕ್. ಸಂಜೆ ಮೂರು ಗಂಟೆ ಆನ್, ಉಳಿದ ಹೊತ್ತು ಆಫ್. ಮನೆಯಿಂದಾಚೆ ಇಡೋ ಎರಡನೇ ಪ್ರತಿಗೆ ಒಂದು ಡಿಸ್ಕ್‌ನ ದುಡ್ಡು ಎತ್ತಿಟ್ಟು, ಉಳಿದದ್ದರಲ್ಲಿ ಮಾತ್ರ ಗ್ರಾಫಿಕ್ಸ್ ಕಾರ್ಡ್ ಆರಿಸಿ. ಈ ಕ್ರಮ ತಿರುಗುಮುರುಗು ಮಾಡಬೇಡಿ.

ಈಗ ನಿಮ್ಮ ಕೆಲಸ. ಕಳೆದ ಮೂರು ತಿಂಗಳ ಬಿಲ್ ತೆಗೆದು, ಬಳಸಿದ ಯೂನಿಟ್ ಎಷ್ಟು, ನಿಮ್ಮ ಗೃಹಜ್ಯೋತಿ ಪಾಲು ಎಷ್ಟು, ದಿನಕ್ಕೆ ಎಷ್ಟು ಗಂಟೆ ಆಡ್ತೀರಿ, ಈ ಮೂರು ಅಂಕಿ ವಾಯ್ಸ್ ಮೆಸೇಜ್‌ನಲ್ಲಿ ಕಳಿಸಿ. ಹೆಸರು, ಆರ್‌ಆರ್ ನಂಬರ್ ಬೇಡ. ಬಂದವುಗಳಲ್ಲಿ ಐದು ಮನೆಯ ಲೆಕ್ಕ ಮುಂದಿನ ಸಂಚಿಕೆಯಲ್ಲಿ ಬಿಡಿಸೋಣ. ಅಲ್ಲಿವರೆಗೂ ಆಡ್ತಾ ಇರಿ, ಆಡಿದ ಮೇಲೆ ಆಫ್ ಮಾಡ್ತಾ ಇರಿ. ನಮಸ್ಕಾರ.